ಮೀನ ಮೇಷ

(ಹುಮನಾಬಾದ್ ಬಸ್ ನಿಲ್ದಾಣದ ಚಹಾದಂಗಡಿ. ಇಲ್ಲಿಂದ ಸಮುದ್ರ ಬಲು ದೂರ. ಸುತ್ತೋಲೆ ಮಾತ್ರ ಬಂದದ.)

ಗುಮಾಸ್ತ: ಕರಾವಳಿಯಾಗ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ದೋಣಿ ಬಂದ್. ಮೀನು ಮರಿ ಮಾಡೋ ಕಾಲ.

ಬಲೆಗಾರ: ಮಳಿ ತಡಾ ಆದ್ರ?

ಗುಮಾಸ್ತ: ಮಳಿಗೂ ಪ್ರತಿ ಕಳಿಸೀವಿ.

ಚಹಾದವ: ಮೀನಿಗೆ?

ಗುಮಾಸ್ತ: ವಿಳಾಸ ಸಿಗಲಿಲ್ಲ.

ಮಾಸ್ತರ: ಬೂತಾಯಿ 10 ಸೆಂ.ಮೀ. ಆಗೋತನಕ ಹಿಡೀಬ್ಯಾಡ್ರಿ ಅಂತ ಸಮುದ್ರ ಮೀನುಗಾರಿಕಿ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಹೇಳ್ಯಾರಲ್ರಿ?

ಗುಮಾಸ್ತ: ಆ ವರದಿ ಇನ್ನಾ ಸಣ್ಣದದ. ಬೆಳೀಲಿ, ಆಮ್ಯಾಲ ಹಿಡೀತೀವಿ.

ಬಲೆಗಾರ: ನಾ ಬಸವಕಲ್ಯಾಣದಾವ, ಬಲಿ ಬೀಸೋದು ಚುಳಕಿ ನಾಲಾದಾಗ. ಆಫ್ರಿಕನ್ ಕ್ಯಾಟ್‌ಫಿಶ್ 2000ದಾಗ ಕೇಂದ್ರ ನಿಷೇಧಿಸೇದಲ್ಲ, ಸಂತ್ಯಾಗ ಇನ್ನಾ ಜೀವಂತ ಮಾರ್ತಾರಲ್ರಿ?

ಗುಮಾಸ್ತ: ನಿಷೇಧಾನೂ ಜೀವಂತ ಅದ. ಇಬ್ಬರಿಗೂ ಜಗಳಿಲ್ಲ.

ಚಹಾದವ: ಬಲಿಗೆ ಎಷ್ಟು ಕಣ್ಣೋ?

ಬಲೆಗಾರ: ಸಾವಿರಾರು.

ಚಹಾದವ: ಸಾಹೇಬ್ರ, ಇಲಾಖೆಗೆ?

ಗುಮಾಸ್ತ: ಕಣ್ಣಿನ ಅಳತಿ ಕಮಿಟಿ ಮುಂದ ಅದ. ಅದು ಕೂಡೋದು ವರ್ಷಕ್ಕ ಒಮ್ಮಿ.

ಮಾಸ್ತರ: ಅಲ್ಲೀತನಕ ಏನ್ ಮಾಡ್ತೀರಿ?

ಗುಮಾಸ್ತ: ಮೀನ ಎಣಸ್ತೀವಿ, ಮೇಷ ಎಣಸ್ತೀವಿ.

ಬಲೆಗಾರ: ಮೀನ ಎಷ್ಟು ಉಳದಾವ್ರಿ?

ಗುಮಾಸ್ತ: ಮೇಷ ಭರ್ತಿ ಅವ.