ತೊಣ್ಣೂರು ಏರಿಯಿಂದ: ಜಾನಪದ ಬ್ಯಾಂಡ್ ಆಲ್ಬಮ್ಮುಗಳ ವಿಮರ್ಶಾ ಮೀಮಾಂಸೆ

1. ಪೀಠಿಕೆ

ಜನಪದ ಹಾಡಿಗೆ ಗಿಟಾರು ಕೂಡಿಸುವ ಬ್ಯಾಂಡುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ಬರಹಗಳ ಬಗ್ಗೆ ಬರೆಯುವ ಪಾಪಕ್ಕೆ ಮಾತ್ರ ಯಾರೂ ಕೈಹಾಕಿದಂತಿಲ್ಲ. ಸದರಿ ಶೂನ್ಯವನ್ನು ತುಂಬುವ ನೆಲಮೂಲ, ಬಹುಶಿಸ್ತೀಯ, ನಿರಚನಾತ್ಮಕ ಅನುಸಂಧಾನವೇ ಪ್ರಸ್ತುತ ಸಂಪ್ರಬಂಧ. ವ್ಯಾಪ್ತಿ: ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಏರಿಯ ಮೇಲೆ ನಿಂತರೆ ಕಾಣುವಷ್ಟು. ವಿಧಾನ: ಓದುವುದು, ಸಿಟ್ಟಾಗುವುದು.

2. ಪರಿಭಾಷೆ

'ಸೊಗಡು': ಸಾಹಿತ್ಯ ಅರ್ಥವಾಗದ ವಿಮರ್ಶಕನ ಮೂಗಿಗೆ ಬಡಿಯುವ ಪರಿಮಳ. 'ಮಣ್ಣಿನ ವಾಸನೆ': ಅದೇ; ಏಸಿ ಕೋಣೆಯಲ್ಲಿ ಇನ್ನೂ ಗಾಢ. 'ಕಚ್ಚಾ ದನಿ': ಹಾಡುಗಾರ ಗುರುವಿನಿಂದ ದೀಕ್ಷೆ ಪಡೆದು ಜೀವಮಾನವೆಲ್ಲ ಹಾಡಿದ್ದಾನೆ, ಆದರೆ ಹಳ್ಳಿಯವನು. 'ಗಡಿ ಮೀರಿದ ನಾದ': ಮುಂದಿನ ಕಾರ್ಯಕ್ರಮ ಲಂಡನ್ನಿನಲ್ಲಿದೆ.

ಇನ್ನು ಪ್ರಕಾರನಾಮಗಳು: ಫೋಕ್ ರಾಕ್, ಫೋಕ್ ಫ್ಯೂಷನ್, ಇಂಡಿ ಫೋಕ್, ವರ್ಲ್ಡ್ ಮ್ಯೂಸಿಕ್. ನಮ್ಮ ಕೆರೆಗೂ ತಿರುಮಲಸಾಗರ, ಮೋತಿ ತಲಾಬ್ ಎಂಬ ಹೆಸರುಗಳುಂಟು. ಹೆಸರು ಬದಲಾದಾಗಲೆಲ್ಲ ತೂಬಿನಲ್ಲಿ ಬೇರೆ ನೀರು ಬಂತೆಂದು ಇಲ್ಲಿನ ರೈತರು ಯಾರೂ ವಾದಿಸಿಲ್ಲ.

3. ವರ್ಗೀಕರಣ

ವಿಮರ್ಶಕರಲ್ಲಿ ಏಳು ಪಂಥಗಳು.

(ಅ) ಧೂಮ್ರಪಂಥ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ 'ಅಂತರಾಗ್ನಿ' ಬಂತು. ಅದರಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವಿದೆ. ಒಳಗಿನ ಮೋಹವನ್ನೇ ಸುಡಲು ಹೇಳುವ ತತ್ವಪದ ಅದು. ಈ ಪಂಥದವರಿಗೆ ಕೇಳಿಸುವುದು ಹೊಗೆ ಎಬ್ಬಿಸುವ ಕುಣಿತದ ಹಾಡು. 1889ರಲ್ಲಿ ತೀರಿಕೊಂಡ ಷರೀಫರು ತಿದ್ದುಪಡಿ ಕಳಿಸುವ ಸ್ಥಿತಿಯಲ್ಲಿಲ್ಲ.

(ಆ) ಜಲನಿರ್ಲಿಪ್ತ ಪಂಥ. 'ಸ್ವರಾತ್ಮ' ಬ್ಯಾಂಡು 2009ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಕಾವೇರಿಯ ಬಗ್ಗೆ 'ಪ್ಯಾಸಿ' ಎಂದು ಹಿಂದಿಯಲ್ಲಿ ಹಾಡಿತು. ಈ ಪಂಥದವರು ಪಿಟೀಲಿಗೂ ಬಾಸ್ ಗಿಟಾರಿಗೂ ನಡೆದ ಸಂವಾದವನ್ನು ಅಳೆಯುತ್ತಾರೆ. ನದಿ ಯಾವುದು, ಜಗಳ ಏನು ಎನ್ನುವುದು ಪಠ್ಯೇತರ ಸಂಗತಿ. ಮಂಡ್ಯ ಜಿಲ್ಲೆಯಲ್ಲಿ ಒಬ್ಬರನ್ನಾದರೂ ಕೇಳಬಹುದಿತ್ತು. ಕಾವೇರಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಈ ಜಿಲ್ಲೆಯಲ್ಲಿ ಸಿಕ್ಕರೆ ಹಿಡಿದು ಮ್ಯೂಸಿಯಮ್ಮಿನಲ್ಲಿ ಇಡಬೇಕು.

(ಇ) ವಸ್ತ್ರಪಂಥ. ಲುಂಗಿಯ ಬಣ್ಣ, ಗೆಜ್ಜೆಯ ತೂಕ ಇತ್ಯಾದಿ.

(ಈ) ಇರಲಿ ಬಿಡಿ. ಉಳಿದ ನಾಲ್ಕೂ ಇವೇ, ವಿಶೇಷಣ ಮಾತ್ರ ಬೇರೆ.

4. ಪ್ರಮೇಯ

ಬ್ಯಾಂಡಿನವರ ಮೇಲೆ ನನ್ನ ತಕರಾರಿಲ್ಲ. ಅವರಿಂದಾಗಿಯೇ ಷರೀಫರ ಪದ ಕಾಲೇಜು ಹುಡುಗರ ಬಾಯಿಗೆ ಬಂತು. ಸಿಟ್ಟು ಬರುವುದು ಆಲ್ಬಮ್ಮಿಗೆ ಅರ್ಧ ಪುಟ ಕೊಟ್ಟು, ಅದರ ಬೇರನ್ನು 'ಸಾಂಪ್ರದಾಯಿಕ' ಎಂಬ ಒಂದೇ ಪದದಲ್ಲಿ ಹೂಳುವವರ ಮೇಲೆ. ಸಂಪ್ರದಾಯಕ್ಕೆ ಗಂಟಲಿಲ್ಲ ಸ್ವಾಮಿ, ಗಂಟಲಿರುವುದು ಮನುಷ್ಯರಿಗೆ. ಕಂಸಾಳೆ ಬೀಸುತ್ತ ಮಾದಪ್ಪನ ಕತೆ ಹಾಡುವ ದೇವರಗುಡ್ಡನಿಗೆ ಹೆಸರಿದೆ. ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ದಪ್ಪಾಜಿಯ ಪಾಡನ್ನು ತಂಬೂರಿ ಹಿಡಿದು ಬೆಳಗಿನವರೆಗೆ ಹಾಡುವ ನೀಲಗಾರನಿಗೂ ಹೆಸರಿದೆ, ಊರಿದೆ. ಆತ ಈ ಸಾಲು ಯಾಕೆ ಬಿಟ್ಟ, ಆ ಸಾಲು ಯಾಕೆ ಎಳೆದ ಎಂದು ಬರೆಯುವ ವಿಮರ್ಶಕರು ಎಷ್ಟು ಮಂದಿ? ಅವನ ರಾತ್ರಿ ಜನಪದ 'ಆಕರ'. ಅದರ ಎರಡು ನಿಮಿಷದ ತುಣುಕು 'ಕಲಾಕೃತಿ'.

ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಅಧಿಕಾರಿಯಾಗಿದ್ದೂ ಹಳ್ಳಿಯ ಹಾಡುಗಾರರನ್ನು ಹುಡುಕಿಕೊಂಡು ಹೋದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿದರು. ಬೆಂಗಳೂರಿನ ವಿಮರ್ಶಕರು ಮೈಸೂರಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋಗುತ್ತಿದ್ದರು. ಈಗ ಎಕ್ಸ್‌ಪ್ರೆಸ್‌ವೇ ಆಗಿದೆ. ಆ ಬಾಗಿಲು ಕಣ್ಣಿಗೂ ಬೀಳುವುದಿಲ್ಲ. ಕೇಳುವವರಿಲ್ಲದೆ ಹಾಡುಗಾರರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರು ಹೋದ ಮೇಲೆ ಬ್ಯಾಂಡುಗಳು ತಾನೇ ಯಾರಿಂದ ಕಲಿಯಬೇಕು?

5. ಉಪಸಂಹಾರ

ವಿಮರ್ಶಕ ಮಹಾಶಯರೇ, ಮುಂದಿನ ಆಲ್ಬಮ್ ಬಂದಾಗ ಮೊದಲು ಮೂರು ವಿಷಯ ಬರೆಯಿರಿ: ಪದ ಯಾರದು, ಧಾಟಿಯನ್ನು ಯಾರ ಬಾಯಿಂದ ಕಲಿತರು, ಅವರಿಗೆ ದುಡ್ಡು ಸಂದಿತೇ. ಇಷ್ಟಾದ ಮೇಲೂ ಜಾಗ ಉಳಿದರೆ ಧಾರಾಳವಾಗಿ ಸೊಗಡು ಸುರಿಯಿರಿ. ನಾವು ಮೂಗು ಮುಚ್ಚಿಕೊಂಡಾದರೂ ಓದುತ್ತೇವೆ.