ಏನೂ ಆಗಲ್ಲ ಬಿಡಿ: ಒಂದು ಪ್ರಮಾಣಬದ್ಧ ಮೀಮಾಂಸೆ

ಷಡ್ದರ್ಶನಗಳನ್ನು ಎಣಿಸಿದವರು ಏಳನೆಯದನ್ನು ಬಿಟ್ಟುಬಿಟ್ಟರು. ಅದಕ್ಕಿರುವುದು ಒಂದೇ ಸೂತ್ರ: 'ಏನೂ ಆಗಲ್ಲ ಬಿಡಿ.' ಪಾಶ್ಚಾತ್ಯ ಪಂಡಿತರು ಇದಕ್ಕೆ ನಾರ್ಮಲ್ಸಿ ಬಯಾಸ್ ಎಂದು ಹೆಸರಿಟ್ಟು ಮನೋದೋಷಗಳ ಸಾಲಿಗೆ ಸೇರಿಸಿದ್ದಾರೆ. ಪಾಪ, ಅವರಿಗೆ ಗುರುಮುಖೇನ ಪಾಠವಾಗಿಲ್ಲ.

ಈ ದರ್ಶನಕ್ಕೆ ಪ್ರಮಾಣಗಳು ಮೂರು. ಪ್ರತ್ಯಕ್ಷ: ಹೋದ ವರ್ಷ ನೀರು ಗೇಟಿನ ತನಕ ಬಂತು, ಒಳಗೆ ಬರಲಿಲ್ಲ. ಅನುಮಾನ: ಆದ್ದರಿಂದ ಅದಕ್ಕೆ ಒಳಗೆ ಬರುವ ಇರಾದೆಯಿಲ್ಲ. ಶಬ್ದ: ಬಿಲ್ಡರೇ ಹೇಳಿದ್ದಾರೆ. ಉಪಮಾನಕ್ಕೆ ಇಲ್ಲಿ ಮಾನ್ಯತೆಯಿಲ್ಲ. ಪಕ್ಕದ ಲೇಔಟು ಮುಳುಗಿದರೆ ಅದು ಪಕ್ಕದ ಲೇಔಟಿನ ಪ್ರಾರಬ್ಧ.

ಪ್ರಯೋಗಕಾಂಡಕ್ಕೆ ಬೆಂಗಳೂರಿನ 2022ರ ಸೆಪ್ಟೆಂಬರ್ ಸಾಕು. ರಾಜಕಾಲುವೆಯ ದಾರಿಗೆ ಕಾಂಪೌಂಡು ಅಡ್ಡ ಬಂದಿತ್ತು. ನೀರು ಕಾಂಪೌಂಡಿನೊಳಗೇ ದಾರಿ ಮಾಡಿಕೊಂಡಿತು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪಿಂಗ್ ಸ್ಟೇಷನ್ನಿಗೂ ನೆರೆ ನುಗ್ಗಿ ಕಾವೇರಿ ನೀರಿನ ಸರಬರಾಜು ನಿಂತಿತು. ಬೀದಿಯಲ್ಲಿ ಸೊಂಟಮಟ್ಟ ನೀರು, ನಲ್ಲಿಯಲ್ಲಿ ಗಾಳಿ! ನೆರೆಗೂ ಬರಕ್ಕೂ ಭೇದವಿಲ್ಲವೆಂಬ ಅದ್ವೈತವನ್ನು ಇಷ್ಟು ಸರಳವಾಗಿ ಬಿಡಿಸಿದ ಭಾಷ್ಯ ಇನ್ನೊಂದಿಲ್ಲ.

ಇನ್ನು ಜನರೇಟರನ್ನು ಬೇಸ್‌ಮೆಂಟಿನಲ್ಲಿಡುವ ಸಂಪ್ರದಾಯ. ಆಪತ್ತುಗಳು ಕ್ಯೂನಲ್ಲಿ ಒಂದೊಂದಾಗಿ ಬರತಕ್ಕದ್ದು ಎಂಬುದು ಇದರ ಮೂಲತತ್ತ್ವ. ಜಪಾನೀಯರೂ ಈ ಶಾಖೆಯವರೇ. 2011ರ ಮಾರ್ಚ್ 11ರಂದು ಫುಕುಶಿಮಾದ ಅಣುಸ್ಥಾವರದಲ್ಲಿ ಭೂಕಂಪಕ್ಕೆ ಕರೆಂಟು ಹೋದಾಗ ಡೀಸೆಲ್ ಜನರೇಟರುಗಳು ಠೀವಿಯಿಂದ ಶುರುವಾದವು. ಮುಕ್ಕಾಲು ಗಂಟೆ ಕಳೆದು ಸುನಾಮಿ ಬಂದಾಗ ನೆಲಮಾಳಿಗೆಯಲ್ಲಿದ್ದವು ಜಲಸಮಾಧಿಯಾದವು.

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಸಿದ್ಧತೆಗೇನೂ ಕೊರತೆಯಿಲ್ಲ. ಬೆಂಕಿ ಆರಿಸುವ ಸಿಲಿಂಡರು ಕಳುವಾಗದಂತೆ ಬೀಗ ಹಾಕಿದೆ. ಬೀಗದ ಕೈ ಸೆಕ್ರೆಟರಿಯವರ ಬಳಿ ಇದೆ. ಸೆಕ್ರೆಟರಿಯವರು ಶಿರಸಿಯಲ್ಲಿದ್ದಾರೆ. 'ಫೈರ್' ಎಂದು ಬರೆದ ಕೆಂಪು ಬಕೆಟಿನ ಮರಳಿನಲ್ಲಿ ಯಾರೋ ದೊಡ್ಡಪತ್ರೆ ನೆಟ್ಟಿದ್ದು, ಚೆನ್ನಾಗಿ ಹಬ್ಬಿದೆ.

ಬಯಾಸುಗಳ ಅರಿವಿದ್ದರೆ ಪಾರಾಗಬಹುದಲ್ಲ ಎಂಬುದು ಪೂರ್ವಪಕ್ಷ. ಟ್ವರ್ಸ್ಕಿ, ಕಾನೆಮನ್ 1973ರಲ್ಲೇ ಹೇಳಿದರು: ಥಟ್ಟನೆ ನೆನಪಿಗೆ ಬರುವುದನ್ನೇ ಮನಸ್ಸು ಹೆಚ್ಚು ಸಂಭವನೀಯವೆಂದು ಎಣಿಸುತ್ತದೆ. ಇದನ್ನು ಅರೆದು ಕುಡಿದ ನಮ್ಮ ಮೂರನೇ ಮಹಡಿಯ ವಿದ್ವಾಂಸರು, ಬೇಸ್‌ಮೆಂಟಿಗೆ ನೀರಿಳಿಯುತ್ತಿದ್ದಾಗ ಕಾರು ತೆಗೆಯಲು ಓಡುತ್ತಿದ್ದವರನ್ನು ಮೆಟ್ಟಿಲಲ್ಲೇ ನಿಲ್ಲಿಸಿ, "ಮೊನ್ನೆ ಟೀವೀಲಿ ನೋಡಿದ್ರಲ್ಲ ಸಾರ್, ಅದಕ್ಕೇ ಹಿಂಗೆ ಗಾಬರಿ" ಎಂದು ಸೋದಾಹರಣವಾಗಿ ವಿವರಿಸಿದರು. ಅವರ ಕಾರೂ ಕೆಳಗೇ ಇತ್ತು. ಹಿಂದಿನ ವರ್ಷ ಏನೂ ಆಗಲಿಲ್ಲವೆಂದು ಅದರ ವಿಮೆಯನ್ನು ಅವರು ಥರ್ಡ್ ಪಾರ್ಟಿಗೆ ಇಳಿಸಿದ್ದರು.