ಅಂಬ್ಲಿ ಮತ್ತು ಅಳಿಯ

ಮೇ ತಿಂಗಳ ಕಲಬುರಗಿಯಲ್ಲಿ ಬಿಯರಿನ ಬಗ್ಗೆ ಯಾರೂ ಉಪನ್ಯಾಸ ಕೊಡುವುದಿಲ್ಲ. ತಣ್ಣಗಿದೆಯೋ ಇಲ್ಲವೋ, ಅಷ್ಟೇ ಇಲ್ಲಿನ ವಿಮರ್ಶೆ. ಅಂಥ ಊರಿಗೆ ಮದುವೆಗೆಂದು ಬೆಂಗಳೂರಿನಿಂದ ಬಂದ ನಮ್ಮಕ್ಕನ ಮಗ, ರೊಟ್ಟಿ ಮುರಿಯುತ್ತಲೇ, “ಮಾಮಾ, ಇಲ್ಲೊಂದು ಮೈಕ್ರೋಬ್ರೂವರಿ ಹಾಕೋಣ್ರಿ” ಎಂದ.

ಬೆಂಗಳೂರಿಗೆ ಈ ಹುಚ್ಚು ಹತ್ತಿದ್ದು 2011ರಲ್ಲಿ, ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಬಿಯರ್ ಕ್ಲಬ್ ಶುರುವಾದ ಮೇಲೆ. ಅದು ಇದ್ದದ್ದು ವಿಠ್ಠಲ್ ಮಲ್ಯ ರಸ್ತೆಯಲ್ಲಿ. ಬಾಟಲಿ ಬಿಯರಿನ ದೊರೆಯ ಹೆಸರಿನ ಬೀದಿಯಲ್ಲೇ ಬಾಟಲಿಗೆ ಎದುರಾಳಿ ಹುಟ್ಟಿದ!

ಅಳಿಯನಿಗೆ ಮೆಚ್ಚು ಹೆಫೆವೈಜ಼ನ್ ಎಂಬ ಜರ್ಮನಿಯ ಗೋಧಿ ಬಿಯರು. ಅದಕ್ಕೆ ಬಾಳೆಹಣ್ಣಿನ ವಾಸನೆ ಇರಬೇಕಂತೆ.

“ಹಣ್ಣು ಹಾಕ್ತಾರೇನು?”

“ಇಲ್ರಿ ಮಾಮಾ, ಯೀಸ್ಟೇ ಆ ವಾಸನಿ ಹುಟ್ಟಸ್ತದ. ಐಸೊಅಮೈಲ್ ಅಸಿಟೇಟ್ ಅಂತ.”

ನನ್ನ ಕಣ್ಣ ಮುಂದೆ ನಮ್ಮ ಜಿಲ್ಲೆಯ ಕಮಲಾಪುರ ಬಂತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಹಣ್ಣಿನ ಬೆಲೆ ಕೇಳಿ, “ಭಾಳಾತು” ಎಂದು ಕಾರಿನ ಗಾಜು ಏರಿಸಿಕೊಂಡು ಹುಮನಾಬಾದಿನ ಕಡೆ ಹೊರಡುವವರಿದ್ದಾರೆ. ಅವರೇ ಬೆಂಗಳೂರಿನಲ್ಲಿ ಹಣ್ಣಿಲ್ಲದ ವಾಸನೆಗೆ ನೂರಾರು ರೂಪಾಯಿ ಎಣಿಸಿ ಬರುತ್ತಾರೆ.

ರುವಾಂಡದಲ್ಲಿ ಈ ಮೋಸವಿಲ್ಲ. ಮಾಗಿದ ಬಾಳೆಯನ್ನೇ ಕಿವುಚಿ ರಸ ತೆಗೆದು, ಹುರಿದ ಜೋಳದ ಹಿಟ್ಟು ಕೂಡಿಸಿ ಹುದುಗಿಸುತ್ತಾರೆ, ಅದೇ ಉರ್ವಾಗ್ವಾ. ಕಮಲಾಪುರದ ಬಾಳೆ, ಕಲಬುರಗಿಯ ಬಿಳಿಜೋಳ! ಖರೇ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಂತಾಯಿತು.

ಆಮೇಲೆ ಲೆಕ್ಕ ಶುರುವಾಯಿತು. ಕಹಿಗೆ ಬೇಕಾದ ಹಾಪ್ಸ್ ಹೂವು ಬೆಳೆಯುವುದು ಹಿಮಾಚಲದ ಲಾಹೌಲಿನಂಥ ಚಳಿಯಲ್ಲಿ. ಯೀಸ್ಟ್ 20 ಡಿಗ್ರಿಯ ಆಸುಪಾಸಿನಲ್ಲಿ ಮಾತು ಕೇಳುತ್ತದೆ. ಕಾವು ಏರಿದರೆ ಬಿಯರನ್ನು ಕೆಡಿಸಿಡುತ್ತದೆ. ಹೊರಗೆ 42 ಡಿಗ್ರಿ. ಕುಡಿಯುವವನಿಗಿಂತ ಮೊದಲು ಟ್ಯಾಂಕನ್ನು ತಣ್ಣಗಿಡಬೇಕು, ಕರೆಂಟ್ ಬಿಲ್ಲು ನೋಡಿ ಮಾಲೀಕ ಬಿಸಿಯಾಗಬೇಕು.

ಜೋಳದ್ದು ಬೇರೆಯೇ ಹಟ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾಲ್ಟನ್ನು 65 ಡಿಗ್ರಿಯ ನೀರಿನಲ್ಲಿಟ್ಟರೆ ಅದರ ಪಿಷ್ಟ ತಾನೇ ಸಕ್ಕರೆಯಾಗುತ್ತದೆ. ಜೋಳವನ್ನು ಮೊದಲು ಗಂಜಿ ಮಾಡಿ ಕುದಿಸಿ, ಆರಿಸಿ, ಆಮೇಲೆ ಮಾಲ್ಟ್ ಬೆರೆಸಬೇಕು. ಜೋಳದ್ದೇ ಮಾಲ್ಟ್ ಮಾಡುತ್ತೀರೋ, ಒಣಗಿಸಿದ ಮೇಲೆ ಕುಡಿ, ಬೇರು ತಿಕ್ಕಿ ತೆಗೆಯಬೇಕು. ಸಯನೈಡ್ ಹುಟ್ಟಿಸುವ ಅಂಶ ಅಲ್ಲೇ ಹೆಚ್ಚು. ಎಳೆ ಜೋಳ ಮೇಯ್ದ ದನ ಉಸಿರುಗಟ್ಟಿ ಬಿದ್ದದ್ದು ಕಂಡ ರೈತನಿಗೆ ಇದನ್ನು ಯಾವ ಬ್ರೂವರ್ರೂ ಕಲಿಸಬೇಕಿಲ್ಲ.

ಒಳಗಿನಿಂದ ಇದನ್ನೆಲ್ಲ ಕೇಳುತ್ತಿದ್ದ ನನ್ನ ಹೆಂಡತಿ ಹೊರಬಂದಳು. “ಕುದಸೂದು, ಆರಸೂದು, ಹುಳಿ ಬಂತೇನಂತ ಮೂಸಿ ನೋಡೂದು. ಇದು ಅಂಬ್ಲಿ ಮಾಡಿಧಂಗೇ ಆತಲ್ಲಪಾ? ಎರಡು ದಿನ ಹೆಚ್ಚಾದ್ರ ನಾವು ಚೆಲ್ತೀವಿ, ನೀವು ಮಾರ್ತೀರಿ.”

ಅಳಿಯ ನಗಲಿಲ್ಲ. ಹುಳಿ ಬಿಯರೆಂದೇ ಒಂದು ಜಾತಿಯಿದೆ, ಅದಕ್ಕೆ ದುಡ್ಡೂ ಹೆಚ್ಚು ಎಂದು ಫೋನಿನಲ್ಲಿ ಏನೋ ಬರೆದುಕೊಂಡ. “ಅತ್ತಿ, ನೀವೇ ನಮ್ಮ ಹೆಡ್ ಬ್ರೂವರ್!”

“ಆಗ್ಲಿ. ಬೋಗಾಣಿ ಯಾರು ತೊಳೀತಾರ?”

ಬ್ರೂವರಿಯಲ್ಲಿ ಮುಕ್ಕಾಲು ಕೆಲಸ ತೊಳೆಯುವುದೇ ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿದ. ಬಾಯಿ ತಪ್ಪಿತು. ಅಂಬ್ಲಿಯ ತಳ ಹಿಡಿದ ಬೋಗಾಣಿ ಮತ್ತು ತೆಂಗಿನ ನಾರು ಆಗಲೇ ಅವನ ಮುಂದಿದ್ದವು.